ವಂದನಾರ್ಪಣೆಗೆ ಮಾತ್ರ

ಚನ್ನರಾಯಪಟ್ಟಣದ ಸ್ಕೂಲಿನ ಶೋಕಸಭೆಯಲ್ಲಿ ಅಧ್ಯಕ್ಷರು ನಮ್ಮ ಮೇಷ್ಟ್ರಮ್ಮನನ್ನು "ಶಾಂತ ಸ್ವಭಾವದ, ಮಿತಭಾಷಿಯಾದ ಮಹಿಳೆ" ಎಂದರು. ನಾನು ಎರಡನೇ ಸಾಲಿನ ಬೆಂಚಿನಲ್ಲಿ ಶಾರ್ಟ್‌ಹ್ಯಾಂಡ್ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದೆ. ಪೆನ್ಸಿಲ್ಲಿನ ಮೊನೆ ಪಟಕ್ಕನೆ ಮುರಿಯಿತು. ಇಷ್ಟು ವರ್ಷ ಪಾಠ ಹೇಳಿದ ಹೆಂಗಸನ್ನು ಕೊನೆಗೆ ಇಂಥ ಹಸಿ ಸುಳ್ಳು ಹೇಳಿ ಸಾಗಹಾಕುವುದೇ? ಅವರಷ್ಟು ಸಿಟ್ಟಿನ ಹೆಂಗಸನ್ನು ನಾನು ಇಡೀ ಹಾಸನ ಜಿಲ್ಲೆಯಲ್ಲಿ ನೋಡಿಲ್ಲ. ಮಿತಭಾಷಿಯಂತೂ ಅಲ್ಲವೇ ಅಲ್ಲ. ಅವರಿಗೆ ಮಾತಾಡಲು ಕೊಡುತ್ತಿದ್ದ ಹೊತ್ತು ಮಿತವಾಗಿತ್ತು, ಅಷ್ಟೆ.

ಅವರ ಹೆಸರನ್ನು ಬರೆಯುವುದಿಲ್ಲ. ಬರೆದರೆ ನಾಳೆ ಯಾರಾದರೂ ಅದನ್ನು ಕಲ್ಲಿನ ಮೇಲೆ ಕೆತ್ತಿಸಿ, ಹಾರ ಹಾಕಿ, ಮತ್ತೆ ಅದೇ ಭಾಷಣ ಮಾಡುತ್ತಾರೆ. ಜಿನನಾಥಪುರದ ಕಡೆಯ ಜೈನರ ಮನೆಯವರು. ಐವತ್ತರ ದಶಕದಲ್ಲಿ ಹೊಳೆನರಸೀಪುರದ ಹೆಣ್ಣುಮಕ್ಕಳ ಸ್ಕೂಲಿನಲ್ಲಿ ನಮಗೆ ಚರಿತ್ರೆ, ಭೂಗೋಳ ಹೇಳಿಕೊಡುತ್ತಿದ್ದರು. ಕುಳ್ಳಗೆ, ಗಟ್ಟಿಮುಟ್ಟಾಗಿದ್ದರು. ಬಿಸಿಲಿದ್ದರೂ ಇಲ್ಲದಿದ್ದರೂ ಕಂಕುಳಲ್ಲಿ ಒಂದು ಕಪ್ಪು ಕೊಡೆ. ಅದನ್ನು ಬಿಚ್ಚಿದ್ದನ್ನು ನಾನು ನೋಡಿಲ್ಲ. ಭೂಪಟ ತೋರಿಸಲು, ಬೀದಿನಾಯಿ ಓಡಿಸಲು, ದಾರಿಗಡ್ಡ ನಿಂತವರನ್ನು ಪಕ್ಕಕ್ಕೆ ಸರಿಸಲು ಅದನ್ನು ಬಳಸುತ್ತಿದ್ದರು.

ಯಾವುದೇ ಯುದ್ಧದ ಪಾಠವಾಗಲಿ, ಕೊನೆಗೆ ಪುಸ್ತಕದಲ್ಲಿಲ್ಲದ ಒಂದು ಪ್ರಶ್ನೆ ಕೇಳುತ್ತಿದ್ದರು. "ರಾಜ ಯುದ್ಧಕ್ಕೆ ಹೋದ, ಸರಿ. ಅವತ್ತು ಸೈನಿಕನ ಮನೇಲಿ ಒಲೆ ಹಚ್ಚಿದೋಳು ಯಾರು? ಅವಳಿಗೆ ಸುದ್ದಿ ಹೇಗೆ ಗೊತ್ತಾಯ್ತು? ಬರೀರಿ." ನಾವು ತೋಚಿದ್ದನ್ನು ಬರೆಯುತ್ತಿದ್ದೆವು. ಒಮ್ಮೆ ಬಂದ ಇನ್ಸ್‌ಪೆಕ್ಟರು ನಮ್ಮ ನೋಟ್‌ಬುಕ್ ತಿರುವಿ, "ಏನಮ್ಮ ಇದು, ಪರೀಕ್ಷೆಗೆ ಇದು ಬರುತ್ಯೆ?" ಎಂದು ನಕ್ಕರು. ಮೇಷ್ಟ್ರಮ್ಮ, "ಪರೀಕ್ಷೆಗೆ ಬರಲ್ಲ ಸಾರ್. ಇವರ ಮನೆಗೆ ಬರುತ್ತೆ" ಎಂದರು. ಇನ್ಸ್‌ಪೆಕ್ಟರು ನೋಟ್‌ಬುಕ್ ಮುಚ್ಚಿಟ್ಟರು.

ಅವರ ಹಣೆಯಲ್ಲಿ ಸಣ್ಣದೊಂದು ಕುಂಕುಮ ಇರುತ್ತಿತ್ತು. ಊರಿನ ಹೆಂಗಸರಿಗೆ ಅದೇ ಒಂದು ದೊಡ್ಡ ಚರ್ಚೆ. ಅವರ ಗಂಡ ಹಿಂದಿನ ಮಹಾಯುದ್ಧದಲ್ಲಿ ಮಿಲಿಟರಿ ಆಸ್ಪತ್ರೆಯ ಕಾಂಪೌಂಡರಾಗಿ ಬರ್ಮಾಕ್ಕೆ ಹೋದವರು ತಿರುಗಿ ಬರಲಿಲ್ಲ. ಸತ್ತರೆಂದು ಕಾಗದವೂ ಬರಲಿಲ್ಲ. ಅರಿಸಿನ ಕುಂಕುಮಕ್ಕೆ ಅವರನ್ನು ಕರೆಯಬೇಕೋ ಬಿಡಬೇಕೋ ಎಂದು ತಿಳಿಯದೆ ಒಬ್ಬಾಕೆ ನೇರವಾಗಿ ಕೇಳಿಯೇಬಿಟ್ಟಳಂತೆ. "ನನಗಿನ್ನೂ ಯಾರೂ ಹೇಳಿಲ್ಲ ಕಣಮ್ಮ. ಹೇಳಿದ ದಿವಸ ಯೋಚನೆ ಮಾಡ್ತೀನಿ" ಎಂದು ಇವರು ಬಾಗಿಲು ಹಾಕಿಕೊಂಡರಂತೆ. ಇಪ್ಪತ್ತು ವರ್ಷಕ್ಕೂ ಹೆಚ್ಚು ಹೀಗೆ ಇದ್ದ ಹೆಂಗಸನ್ನು ಶಾಂತ ಸ್ವಭಾವ ಎನ್ನುತ್ತಾರೆ.

ನಾನು ಓದು ಮುಗಿಸಿ, ಟೈಪಿಂಗು ಶಾರ್ಟ್‌ಹ್ಯಾಂಡು ಕಲಿತು ಹಾಸನದ ಒಂದು ಸರ್ಕಾರಿ ಕಚೇರಿ ಸೇರಿದೆ. ಯಾವ ಕಚೇರಿ ಎಂಬುದು ಬೇಡ. ಶಾಲಾ ಮಾಸ್ತರುಗಳ ವರ್ಗಾವಣೆ ಆರ್ಡರುಗಳು ನನ್ನ ಮೆಷಿನ್ನಿನಿಂದಲೇ ಹೊರಡುತ್ತಿದ್ದವು ಎಂದರೆ ಸಾಕು. ಶಾರ್ಟ್‌ಹ್ಯಾಂಡ್ ಬರುತ್ತಿದ್ದದ್ದು ನನಗೊಬ್ಬಳಿಗೇ ಆದ್ದರಿಂದ ಊರಿನ ಸಭೆ ಸಮಾರಂಭಗಳ ನಡವಳಿ ಬರೆಯಲೂ ನನ್ನನ್ನೇ ಕರೆಯುತ್ತಿದ್ದರು. ಆ ಸಭೆಗಳಿಗೆಲ್ಲ ಒಂದು ಕ್ರಮವಿತ್ತು. ಶುರುವಿನಲ್ಲಿ ಪ್ರಾರ್ಥನೆ, ಅದು ಹೆಣ್ಣುಮಕ್ಕಳದು. ಆಮೇಲೆ ಭಾಷಣಗಳು, ಅವು ಗಂಡಸರವು. ಎಲ್ಲ ಮುಗಿದು ಜನ ಚಪ್ಪಲಿ ಹುಡುಕುವ ಹೊತ್ತಿಗೆ ವಂದನಾರ್ಪಣೆ, ಅದು ಮತ್ತೆ ಹೆಂಗಸರದು. ಮೇಷ್ಟ್ರಮ್ಮನಿಗೆ ಹಾಡಲು ಬರುತ್ತಿರಲಿಲ್ಲ. ಹಾಗಾಗಿ ಅವರ ಪಾಲಿಗೆ ಯಾವಾಗಲೂ ವಂದನಾರ್ಪಣೆಯೇ.

ಜೈನರಾದ್ದರಿಂದ ಹೊತ್ತು ಮುಳುಗಿದ ಮೇಲೆ ಅವರು ಊಟ ಮಾಡುತ್ತಿರಲಿಲ್ಲ. ಅಧ್ಯಕ್ಷರ ಭಾಷಣಗಳು ಹೊತ್ತು ಮುಳುಗುವುದರೊಳಗೆ ಮುಗಿಯುತ್ತಿರಲಿಲ್ಲ. ಅದಕ್ಕೆ ಅವರು ಐದು ಗಂಟೆಯಾಗುತ್ತಲೇ ವೇದಿಕೆಯ ತುದಿಯ ಕುರ್ಚಿಯಲ್ಲಿ ಕೂತಲ್ಲೇ ಡಬ್ಬಿ ಬಿಚ್ಚಿ, ಇಡೀ ಸಭೆಯೆದುರು ಚಪಾತಿ ತಿನ್ನುತ್ತಿದ್ದರು. ಭಾಷಣಕಾರರು ತಿರುಗಿ ನೋಡಿದರೆ, "ನೀವು ನಡೆಸಿ ಸಾರ್, ಕೇಳಿಸ್ತಾ ಇದೆ" ಎನ್ನುತ್ತಿದ್ದರು. ಹುಡುಗಿಯರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು.

ಅರವತ್ತರ ದಶಕ ಶುರುವಾಗುವ ಹೊತ್ತಿಗೆ ಅವರು ಅರಕಲಗೂಡಿನಲ್ಲಿದ್ದರು. ಸಂತೆಯ ದಿನ ಮಧ್ಯಾಹ್ನ ಊಟದ ಬೆಲ್ಲು ಹೊಡೆದ ಮೇಲೆ ಸ್ಕೂಲಿನ ಜಗಲಿಗೆ ಹಳ್ಳಿಯ ಹೆಂಗಸರು ಬಂದು ಕೂರುತ್ತಿದ್ದರು, ಕಾಗದ ಬರೆಸಲು. ಅವರಲ್ಲಿ ಲಕ್ಕಮ್ಮ ಎಂಬ ಇಪ್ಪತ್ತರ ಹುಡುಗಿ ಒಬ್ಬಳು. ಒಕ್ಕಲಿಗರ ಮನೆಯ ಸೊಸೆ. ಗಂಡ ಸೈನ್ಯದಲ್ಲಿದ್ದ. ಕಾಂಗೋ ದೇಶದಲ್ಲಿ ಹೊಡೆದಾಟ ನಿಲ್ಲಿಸಲೆಂದು ನಾನಾ ದೇಶಗಳ ಸೈನಿಕರು ನೀಲಿ ಟೋಪಿ ಹಾಕಿಕೊಂಡು ಹೋದರಲ್ಲ, ಅವರ ಜೊತೆ ಹೋಗಿದ್ದ. ಮೇಷ್ಟ್ರಮ್ಮ ಅವಳಿಗೆ ಭೂಪಟದಲ್ಲಿ ಕೊಡೆಯ ತುದಿಯಿಂದ ಕಾಂಗೋ ತೋರಿಸಿದ್ದರು. "ಸಮುದ್ರ ದಾಟಿ ಶಾಂತಿ ಕಾಯಕ್ಕೋಗವ್ನೆ" ಎಂದು ಅವಳು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದಳು. ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆಯಬೇಕು. ಎಮ್ಮೆ ಕರು ಹಾಕಿದ್ದು, ನಾದಿನಿಗೆ ಗಂಡು ಗೊತ್ತಾದದ್ದು, ಮದುವೆಗೆ ರಜ ಸಿಕ್ಕುತ್ತದಾ ಎಂದು ಕೇಳುವುದು. ಲಕೋಟೆಯ ಹಿಂದೆ ಮೇಷ್ಟ್ರಮ್ಮ ತಮ್ಮ ಸ್ಕೂಲಿನ ವಿಳಾಸ ಹಾಕುತ್ತಿದ್ದರು.

ಒಂದು ದಿನ ಆ ಕಾಗದಗಳಲ್ಲೊಂದು ಒಡೆಯದೆ ತಿರುಗಿ ಬಂತು. ಲಕೋಟೆಯ ಮೇಲೆ ಯಾರೋ ಇಂಗ್ಲಿಷಿನಲ್ಲಿ ಬರೆದಿದ್ದರು, ವಿಳಾಸದಾರ ತೀರಿಕೊಂಡಿದ್ದಾನೆ ಎಂದು.

ಮೇಷ್ಟ್ರಮ್ಮ ಅರ್ಧ ದಿನದ ರಜಕ್ಕೆ ಬರೆದುಕೊಟ್ಟು ಬಸ್ಸು ಹತ್ತಿದರು. ಇಳಿದ ಮೇಲೆ ಗದ್ದೆ ಬದುವಿನ ಮೇಲೆ ಬಹಳ ದೂರ ನಡೆದರು. ಲಕ್ಕಮ್ಮನ ಮಾವ ಜಗಲಿಯ ಮೇಲೆ ಕೂತಿದ್ದ. ಇವರ ಕೈಯಲ್ಲಿದ್ದ ಲಕೋಟೆ ನೋಡಿದ್ದೇ ಎದ್ದು ನಿಂತ. ಮುಂದಿನದನ್ನು ನನಗೆ ಲಕ್ಕಮ್ಮನೇ ಹೇಳಿದ್ದು. ಕೊಟ್ಟಿಗೆಯಲ್ಲಿ ಸಗಣಿ ಬಾಚುತ್ತಿದ್ದವಳಿಗೆ ಎಲ್ಲವೂ ಕೇಳಿಸುತ್ತಿತ್ತಂತೆ, ಅರ್ಥವಾಗುತ್ತಿರಲಿಲ್ಲವಂತೆ.

"ತಂತಿ ಬಂದಿತ್ತಾ ಯಜಮಾನ್ರೇ?"

"ಬಂದಿತ್ತು ಕಣವ್ವ."

"ಯಾರ ಹೆಸರಿಗೆ?"

"ಅವ್ಳ ಎಸ್ರಿಗೇ ಇತ್ತಂತೆ. ಎಂಗ್ಸು ಕೈಗೆ ಏನ್ ಕೊಡಾದು ಅಂತ ಪೋಸ್ಟಿನೋನು ನಂಗೆ ಕೊಟ್ಟ. ಮಗ್ಳು ಮದ್ವೆ ಗೊತ್ತಾಗಿತ್ತು. ಸೂತಕ ಅಂದ್ರೆ ಬೀಗ್ರು ಬುಟ್ಟೋಯ್ತಾರೆ. ಮುಗೀಲಿ ಅಂತ ಇದ್ದೊ."

"ಮದುವೆ ಮುಗಿದು ತಿಂಗಳಾಯ್ತಲ್ಲ?"

"ಆಮೇಕೆ ಎಂಗೇಳಾದು ಅಂತ ಗೊತ್ತಾಗ್ನಿಲ್ಲ ಕಣವ್ವ."

ತಂತಿ ಬಂದು ಐವತ್ತು ದಿನವಾಗಿತ್ತು. ಹೆಂಚಿನ ಸಂದಿನಲ್ಲಿ ಸಿಕ್ಕಿಸಿದ್ದರು. ಮೇಷ್ಟ್ರಮ್ಮ ಅದನ್ನು ತೆಗೆಸಿ, ಕೊಟ್ಟಿಗೆಗೆ ಹೋಗಿ, ಲಕ್ಕಮ್ಮನಿಗೆ ಕೈ ತೊಳೆಯಲು ಹೇಳಿ, ಕಾಗದವನ್ನು ಅವಳ ಕೈಗೇ ಕೊಟ್ಟರು. ಆಮೇಲೆ ಇಂಗ್ಲಿಷಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಓದಿ, ಕನ್ನಡದಲ್ಲಿ ಹೇಳಿದರು. ಅವಳು ತಕ್ಷಣ ಅಳಲಿಲ್ಲವಂತೆ. "ಅದುಕ್ಕೇ ಮದ್ವೇಲಿ ನಂಗೆ ಆರ್ತಿ ತಟ್ಟೆ ಮುಟ್ಟುಸ್ಲಿಲ್ವಾ?" ಎಂದು ಕೇಳಿದಳಂತೆ.

ಈ ಒಂದು ಮಾತು ನನ್ನ ತಲೆಯಿಂದ ಹೋಗುವುದಿಲ್ಲ. ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಅತ್ತೆಗೆ, ನಾದಿನಿಗೆ, ಚಪ್ಪರ ಹಾಕಿದವರಿಗೆ, ಪುರೋಹಿತರಿಗೆ. ಅವಳು ವಿಧವೆ ಎಂದು ತಿಳಿದೇ ಅವಳನ್ನು ಶುಭಕಾರ್ಯದಿಂದ ದೂರ ಇಟ್ಟಿದ್ದರು. ಅವಳ ಹಣೆಯ ಕುಂಕುಮ ಮಾತ್ರ ಅಳಿಸಿರಲಿಲ್ಲ, ಬೀಗರಿಗೆ ಕಾಣಬೇಕಿತ್ತಲ್ಲ. ಅವಳು ತನ್ನಿಂದೇನು ತಪ್ಪಾಯಿತೋ ಎಂದುಕೊಂಡು ಮೂರು ದಿನ ಹಿತ್ತಲಲ್ಲಿ ಪಾತ್ರೆ ಉಜ್ಜಿದ್ದಳು. ಅವಳ ಗಂಡ ಸತ್ತದ್ದು ಅವಳೊಬ್ಬಳನ್ನು ಬಿಟ್ಟು ಊರಿಗೆಲ್ಲ ಸೇರಿದ ಸುದ್ದಿಯಾಗಿತ್ತು. ಇದಕ್ಕೆ ಏನೆನ್ನಬೇಕು? ನನಗೆ ಗೊತ್ತಿರುವ ಬೈಗುಳಗಳು ಸಾಲವು.

ಅದೇ ವರ್ಷ ಹಾಸನದಲ್ಲಿ ವಿಶ್ವಶಾಂತಿಯ ಬಗ್ಗೆ ಒಂದು ದೊಡ್ಡ ಸಭೆ ನಡೆಯಿತು. ಲಕ್ಕಮ್ಮನ ಮಾವನನ್ನು ಕರೆಸಿ, "ಪ್ರಪಂಚದ ಶಾಂತಿಗಾಗಿ ಕುಲಪುತ್ರನನ್ನು ಅರ್ಪಿಸಿದ ತಂದೆ" ಎಂದು ಶಾಲು ಹೊದಿಸಿದರು. ಅವನು ತಲೆ ಎತ್ತದೆ ಕೂತಿದ್ದ. ಅವನ ಮೇಲೆ ನನಗೆ ಅಷ್ಟು ಸಿಟ್ಟಿಲ್ಲ, ಕಣ್ಣೀರು ಒರೆಸಿಕೊಂಡದ್ದನ್ನು ನೋಡಿದ್ದೇನೆ. ಲಕ್ಕಮ್ಮನನ್ನು ಕರೆದುಕೊಂಡು ಬಂದಿದ್ದವರು ಮೇಷ್ಟ್ರಮ್ಮ. ಅವಳು ಕಂಬದ ಹಿಂದೆ ಹೆಂಗಸರ ಚಾಪೆಯ ಮೇಲೆ ಕೂತಿದ್ದಳು. ಆರು ಜನ ಮಾತಾಡಿದರು. ಬುದ್ಧ, ಅಶೋಕ, ಗಾಂಧಿ ಎಲ್ಲರೂ ಬಂದು ಹೋದರು. ಐದು ಗಂಟೆಗೆ ಡಬ್ಬಿ ಬಿಚ್ಚುತ್ತಾರೆಂದು ನಾನು ಕಾದೆ. ಅವತ್ತು ಮೇಷ್ಟ್ರಮ್ಮ ಬಿಚ್ಚಲಿಲ್ಲ. ಕೊಡೆಯನ್ನು ಎರಡೂ ಕೈಯಲ್ಲಿ ಹಿಡಿದು ಕೂತಿದ್ದರು.

ವಂದನಾರ್ಪಣೆಗೆ ಎದ್ದರು. ನಾನು ಬರೆದುಕೊಂಡದ್ದು ಇನ್ನೂ ನನ್ನ ಹತ್ತಿರ ಇದೆ.

"ಕಾಂಗೋ ಭೂಪಟದಲ್ಲಿ ಎಲ್ಲಿದೆ ಅಂತ ಗೊತ್ತಿಲ್ಲದಿದ್ದರೂ ಅದರ ಬಗ್ಗೆ ಮುಕ್ಕಾಲು ಗಂಟೆ ಮಾತಾಡಿದ ವಕೀಲರಿಗೆ ವಂದನೆಗಳು. ಗಂಡ ಸತ್ತ ಸುದ್ದಿಯನ್ನು ಹೆಂಡತಿಗೆ ಕೊಡದೆ ಐವತ್ತು ದಿನ ಹೆಂಚಿನ ಸಂದೀಲಿ ಇಟ್ಟ ಮನೆಗೆ ಶಾಲು ಹೊದಿಸಿದ ಸಮಿತಿಯವರಿಗೆ ವಂದನೆಗಳು. ಅವಳ ಹೆಸರಿಗೆ ಬಂದ ತಂತೀನ ಇನ್ನೊಬ್ಬರ ಕೈಗೆ ಕೊಟ್ಟ ಅಂಚೆಯವರಿಗೆ ವಂದನೆಗಳು. ಆ ಹೆಂಡತಿ ಇದೇ ಸಭೇಲಿ ಕಂಬದ ಹಿಂದೆ ಕೂತಿದ್ದಾಳೆ. ಅವಳ ಹೆಸರು ಹೇಳದ ಆರೂ ಜನ ಭಾಷಣಕಾರರಿಗೆ ವಂದನೆಗಳು. ಲಕ್ಕಮ್ಮ ಅಂತ ಅವಳ ಹೆಸರು. ನಮ್ಮ ಶಾಂತಿ ಸಮುದ್ರದಾಚೆ ಮಾತ್ರ ಇರೋದು, ನಮ್ಮ ಮನೆ ಕೊಟ್ಟಿಗೆವರೆಗೂ ಬಂದಿಲ್ಲ ಅಂತ ತಿಳಿಸಿಕೊಟ್ಟ ಎಲ್ಲರಿಗೂ ಮತ್ತೊಮ್ಮೆ ವಂದಿಸ್ತೀನಿ."

ವಂದನಾರ್ಪಣೆ ಮುಗಿಯಿತೆಂಬ ಅಭ್ಯಾಸಬಲದಿಂದ ಅಧ್ಯಕ್ಷರೊಬ್ಬರೇ ಚಪ್ಪಾಳೆ ತಟ್ಟಿ, ಅರ್ಧಕ್ಕೆ ನಿಲ್ಲಿಸಿದರು.

ಮಾರನೆಯ ದಿನ ನಾನು ನಡವಳಿ ಟೈಪ್ ಮಾಡಿದೆ. "ಇದೆಲ್ಲ ಬೇಡಮ್ಮ, ಒಂದೇ ಸಾಲು ಹಾಕು" ಎಂದರು ನಮ್ಮ ಕಚೇರಿಯ ಸಾಹೇಬರು. ಹಾಕಿದೆ: "ಮಹಿಳೆಯರ ಪರವಾಗಿ ವಂದನಾರ್ಪಣೆಯೊಂದಿಗೆ ಸಭೆ ಮುಕ್ತಾಯವಾಯಿತು." ಹದಿನೈದು ದಿನ ಕಳೆದ ಮೇಲೆ ಇನ್ನೊಂದು ಕಾಗದ ಟೈಪ್ ಮಾಡಿದೆ. ಆಡಳಿತದ ಹಿತದೃಷ್ಟಿಯಿಂದ ಅರಕಲಗೂಡಿನಿಂದ ಚನ್ನರಾಯಪಟ್ಟಣಕ್ಕೆ. ಮೂಲಪ್ರತಿ, ಅದರಡಿ ಮೂರು ಕಾರ್ಬನ್. ಆ ಹೆಸರಿನ ಒಂದೊಂದು ಅಕ್ಷರವೂ ನನ್ನ ಬೆರಳಿಗೆ ಗೊತ್ತಿತ್ತು, ನನಗೆ ಅಕ್ಷರದ ಅಂದ ಕಲಿಸಿದವರದು. ನಾನು ಬೇಡ ಎನ್ನಬಹುದಿತ್ತೆ? ಕೆಲಸ ಹೋಗುತ್ತಿತ್ತು. ಹೀಗೆಂದು ಎಷ್ಟೋ ವರ್ಷ ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಸಮಾಧಾನ ಮಾತ್ರ ಆಗಲಿಲ್ಲ.

ಲಕ್ಕಮ್ಮ ಅವರ ಜೊತೆ ಹೊರಟೇಬಿಟ್ಟಳು. ಚನ್ನರಾಯಪಟ್ಟಣದ ಸ್ಕೂಲಿನಲ್ಲಿ ಅವಳಿಗೊಂದು ಆಯಾ ಕೆಲಸ ಸಿಕ್ಕಿತು. ಮೇಷ್ಟ್ರಮ್ಮ ಅವಳಿಗೆ ಓದು ಬರಹ ಕಲಿಸಿದರು, ಆದರೆ ಕ್ರಮ ಅವರದೇ. ಕನ್ನಡ ಅಕ್ಷರದ ಜೊತೆಗೇ ತಂತಿಯಲ್ಲಿ ಬರುವ ಇಂಗ್ಲಿಷ್ ಪದಗಳು. ಭಾನುವಾರ ಮಧ್ಯಾಹ್ನ ಸುತ್ತಿನ ಹಳ್ಳಿಗಳಿಂದ ಸೈನಿಕರ ಹೆಂಡಿರು, ತಾಯಂದಿರು ಬರತೊಡಗಿದರು. ನಾನೊಮ್ಮೆ ಹೋಗಿದ್ದಾಗ ಕಣ್ಣಾರೆ ಕಂಡೆ. ಎಂಟು ಹತ್ತು ಹೆಂಗಸರು ಸ್ಲೇಟು ಹಿಡಿದು ಜಗಲಿಯ ಮೇಲೆ ಕೂತಿದ್ದಾರೆ. ಒಬ್ಬಳ ಮಡಿಲಲ್ಲಿ ಕೂಸು. ಲಕ್ಕಮ್ಮ ಕೊಡೆ ಹಿಡಿದು ಬೋರ್ಡು ತೋರಿಸುತ್ತಿದ್ದಾಳೆ.

"ವೂಂಡೆಡ್ ಅಂದ್ರೆ?"

"ಗಾಯ ಆಗದೆ, ಬದ್ಕವ್ನೆ."

"ಮಿಸ್ಸಿಂಗ್ ಅಂದ್ರೆ?"

"ಸಿಕ್ಕಿಲ್ಲ. ಅಳಂಗಿಲ್ಲ, ಕಾಯ್ಬೇಕು."

"ರಿಗ್ರೆಟ್ ಅಂದ್ರೆ?"

ಈ ಪದಕ್ಕೆ ಅರ್ಥವನ್ನು ಯಾರೂ ಜೋರಾಗಿ ಹೇಳಲಿಲ್ಲ. ಮೇಷ್ಟ್ರಮ್ಮ ಮೂಲೆಯಲ್ಲಿ ಕೂತು ಅವರೆಕಾಳು ಬಿಡಿಸುತ್ತಿದ್ದವರು, "ಹೇಳ್ರಮ್ಮ, ಹೇಳಿದ ಮಾತ್ರಕ್ಕೆ ಬರಲ್ಲ, ಹೇಳದಿದ್ರೆ ನಿಲ್ಲಲ್ಲ" ಎಂದು ಗದರಿಸಿದರು. ಆಮೇಲೆ ಎಲ್ಲರೂ ಒಟ್ಟಿಗೆ ಹೇಳಿದರು, "ಓಗ್ಬುಟ್ಟವ್ನೆ."

ಪಾಕಿಸ್ತಾನದ ಯುದ್ಧ ಬಂದಾಗ ಹಾಸನದಲ್ಲಿ ಮತ್ತೆ ಸಮಿತಿ, ಮತ್ತೆ ಸಭೆ. ಹೆಂಗಸರು ಬಳೆ ಬಿಚ್ಚಿ ಕೊಡಬೇಕು, ಸ್ವೆಟರ್ ಹೆಣೆಯಬೇಕು, ಆರತಿ ಎತ್ತಬೇಕು. ಸಮಿತಿಯಲ್ಲಿ ಮಾತ್ರ ಒಬ್ಬ ಹೆಂಗಸೂ ಇಲ್ಲ. ಮೇಷ್ಟ್ರಮ್ಮ ಚನ್ನರಾಯಪಟ್ಟಣದಿಂದ ಬಸ್ಸಿನಲ್ಲಿ ಬಂದರು, ಒಂದೇ ಒಂದು ಗೊತ್ತುವಳಿ ಹಿಡಿದುಕೊಂಡು: ಸೈನಿಕನ ಹೆಂಡತಿಯ ಹೆಸರಿಗೆ ಬಂದ ತಂತಿಯನ್ನು ಅವಳ ಕೈಗೇ ಕೊಡಬೇಕು, ಅವಳಿಗೆ ಓದಿ ಹೇಳಲು ಪ್ರತಿ ಹೋಬಳಿಯಲ್ಲೂ ಒಬ್ಬ ಹೆಂಗಸನ್ನು ಸಮಿತಿಗೆ ಸೇರಿಸಿಕೊಳ್ಳಬೇಕು.

"ಗಡಿಯಲ್ಲಿ ಗುಂಡು ಹಾರ್ತಾ ಇದೆ ತಾಯಿ, ನೀವು ಪೋಸ್ಟ್‌ಮ್ಯಾನ್ ಬಗ್ಗೆ ಮಾತಾಡ್ತಿದೀರಲ್ಲ" ಎಂದರು ಒಬ್ಬರು.

"ಗುಂಡು ಅಲ್ಲಿ ಹಾರುತ್ತೆ ಸಾರ್. ತಗಲೋದು ಇಲ್ಲಿ. ತಗಲಿದೋಳಿಗೆ ಮೊದಲು ಹೇಳಿ ಅಂತಿದೀನಿ."

ನಾನು ಅಕ್ಷರಶಃ ಬರೆದುಕೊಂಡೆ. ಸಭೆ ಮುಗಿದ ಮೇಲೆ ಸಾಹೇಬರು ನನ್ನ ಮೇಜಿನ ಹತ್ತಿರ ಬಂದು, "ಆ ಹೆಂಗಸಿನದು ಬೇಡ" ಎಂದರು. ಬಿಟ್ಟೆ. ಎರಡನೇ ಸಲ. ಒಂದು ವಾರದ ಮೇಲೆ ಮೇಷ್ಟ್ರಮ್ಮ ಕಚೇರಿಗೆ ಬಂದು ನಡವಳಿಯ ಪ್ರತಿ ಕೇಳಿ ಪಡೆದು, ನಿಂತೇ ಓದಿದರು. ಬೈಯುತ್ತಾರೆಂದು ಕಾದೆ. "ಸೈನಿಕನ ಮನೇಲಿ ಒಲೆ ಯಾರು ಹಚ್ಚಿದ್ರು ಅಂತ ಬರಿ ಅಂದ್ರೆ ಎರಡು ಪುಟ ಬರೀತಿದ್ದೆ ಕಣೇ ನೀನು" ಎಂದಷ್ಟೇ ಹೇಳಿ, ಕೊಡೆ ಊರಿಕೊಂಡು ಮೆಟ್ಟಿಲಿಳಿದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಅವರು ಸತ್ತದ್ದು ಹಾಸನದ ಆಸ್ಪತ್ರೆಯಲ್ಲಿ, ಒಂದು ಬೆಳಗಿನ ಜಾವ. ಲಕ್ಕಮ್ಮನಿಗೆ ಸ್ಕೂಲಿನಲ್ಲಿ ರಜ ಸಿಕ್ಕಿರಲಿಲ್ಲ, ಪಕ್ಕದಲ್ಲಿದ್ದವಳು ನಾನು. ಹೊತ್ತು ಹುಟ್ಟುತ್ತಲೇ ತಂತಿ ಕಚೇರಿಗೆ ಓಡಿ ಚನ್ನರಾಯಪಟ್ಟಣಕ್ಕೆ ತಂತಿ ಕೊಟ್ಟೆ, ಲಕ್ಕಮ್ಮನ ಹೆಸರಿಗೆ, ಸ್ಕೂಲಿನ ವಿಳಾಸಕ್ಕೆ. ಒಂಬತ್ತಕ್ಕೆ ಮುಟ್ಟಿದರೂ ಹನ್ನೆರಡಕ್ಕೆ ಅವಳು ಬಂದುಬಿಡಬಹುದಿತ್ತು. ಸ್ನಾನ ಮಾಡಿಸಲು ಬಂದ ಹೆಂಗಸರು ಕುಂಕುಮ ಇಡಬೇಕೋ ಬೇಡವೋ ಎಂದು ಪಿಸುಗುಟ್ಟಿದರು. "ಅವರಿಗೆ ಇನ್ನೂ ಯಾರೂ ಹೇಳಿಲ್ಲ" ಎಂದು ನಾನೇ ಇಟ್ಟೆ. ಹನ್ನೆರಡಾಯಿತು, ಎರಡಾಯಿತು, ಲಕ್ಕಮ್ಮ ಬರಲಿಲ್ಲ. ಮೇಷ್ಟ್ರಮ್ಮನ ಮೈದುನನ ಮಗನೊಬ್ಬ ಬಂದಿದ್ದ. ಹೊತ್ತು ಮುಳುಗುವುದರೊಳಗೆ ಎಲ್ಲ ಆಗಬೇಕು, ಯಾರೋ ಆಯಾಗೋಸ್ಕರ ಕಾಯಲಾಗುತ್ತದಾ ಎಂದ. ಲಕ್ಕಮ್ಮ ಬಂದಾಗ ಸಂಜೆ ಏಳು. ಚಿತೆ ಉರಿದು ಇಳಿದಿತ್ತು.

ಆ ದಿನ ಸ್ಕೂಲಿನ ವಾರ್ಷಿಕೋತ್ಸವವಂತೆ. ಗೇಟಿನಲ್ಲಿ ಅತಿಥಿಗಳಿಗಾಗಿ ಹಾರ ಹಿಡಿದು ನಿಂತಿದ್ದ ಶಾಲಾ ಸಮಿತಿಯ ಅಧ್ಯಕ್ಷರ ಕೈಗೆ ತಂತಿ ಜವಾನ ಅದನ್ನು ಕೊಟ್ಟಿದ್ದಾನೆ. ಅವರು ಒಡೆದು ಓದಿ, ಮಡಿಸಿ, ಕೋಟಿನ ಜೇಬಿಗೆ ಹಾಕಿಕೊಂಡಿದ್ದಾರೆ. ಹೇಳಿದರೆ ಆಯಾ ಹೊರಟುಬಿಡುತ್ತಾಳೆ, ಅತಿಥಿಗಳಿಗೆ ಊಟ ಬಡಿಸುವವರು ಯಾರು? ನಾಲ್ಕು ಗಂಟೆಗೆ ಎಲ್ಲ ಮುಗಿದು, ಪಾತ್ರೆ ತೊಳೆದಾದ ಮೇಲೆ ಕೊಟ್ಟಿದ್ದಾರೆ.

ಶಾಂತ ಸ್ವಭಾವದ, ಮಿತಭಾಷಿಯಾದ ಮಹಿಳೆ ಎಂದು ಶೋಕಸಭೆಯಲ್ಲಿ ಹೇಳಿದ್ದು ಇದೇ ಅಧ್ಯಕ್ಷರು.

ಭಾಷಣ ಮುಗಿಸಿ ಅವರು, "ಈಗ ಎರಡು ನಿಮಿಷ ಮೌನ" ಎಂದು ಎಲ್ಲರನ್ನೂ ಎಬ್ಬಿಸಿದರು. ಮೌನ ಮುಗಿದು ಜನ ಕೂರುವ ಹೊತ್ತಿಗೆ ಹಿಂದೆ ಗೋಡೆಗೊರಗಿ ನಿಂತಿದ್ದ ಲಕ್ಕಮ್ಮ ನಡೆದು ಬಂದಳು. ಕಂಕುಳಲ್ಲಿ ಆ ಕಪ್ಪು ಕೊಡೆ.

"ನಾನು ವಂದನಾರ್ಪಣೆ ಮಾಡ್ಬೇಕು ಸಾ."

"ಶೋಕಸಭೇಲಿ ವಂದನಾರ್ಪಣೆ ಇರಲ್ಲಮ್ಮ."

"ಇಲ್ದಿದ್ರೆ ಇವತ್ತಿಂದ ಇರ್ಲಿ" ಎಂದು ಅವಳು ಸಭೆಯ ಕಡೆ ತಿರುಗಿದಳು. ಸೆರಗಿನಿಂದ ತಂತಿ ತೆಗೆದು, ಇಂಗ್ಲಿಷಿನಲ್ಲಿ ಇದ್ದದ್ದನ್ನು ಒಂದೊಂದೇ ಪದ ಬಿಡಿಸಿ ಓದಿದಳು. ಮೊದಲು ತನ್ನ ಹೆಸರು, ಆಮೇಲೆ ಅವರದು.

"ನನ್ ಎಸ್ರಿಗೆ ಬಂದ ತಂತಿ ಇದು. ಒಂಬತ್ತು ಗಂಟೆಯಿಂದ ನಾಕು ಗಂಟೆಗಂಟ ಜೇಬಲ್ಲಿ ಜ್ವಾಪಾನ ಮಡಗಿದ್ದ ಅಧ್ಯಕ್ಸರಿಗೆ ವಂದನೆ. ಅವತ್ತು ನಾನು ಬಡುಸಿದ್ದ ಊಟ ಮಾಡಿ ಚೆನ್ನಾಗದೆ ಅಂದ ಎಲ್ರಿಗೂ ವಂದನೆ. ನನ್ ಗಂಡ ಸತ್ತಾಗ ಐವತ್ತು ದಿನ ಮುಚ್ಚಿ ಮಡಗಿದ್ರು. ನನ್ ಮೇಷ್ಟ್ರಮ್ಮ ಸತ್ತಾಗ ಏಳೇ ಗಂಟೆ. ಅಷ್ಟ್ರ ಮಟ್ಟಿಗೆ ಅವ್ರು ಮಾಡಿದ್ ಕೆಲ್ಸ ಆಗದೆ. ಮಿಕ್ಕಿದ್ದು ಏಳು ಗಂಟೆ ಕೆಲ್ಸ ನಾನು ಮಾಡ್ತೀನಿ."

ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ. ಅಧ್ಯಕ್ಷರು ನನ್ನ ಬೆಂಚಿನ ಹತ್ತಿರ ಬಂದು ಬಗ್ಗಿ ಮೆಲ್ಲಗೆ, "ಇದನ್ನ ಬರ್ಕೋಬೇಡಿ" ಎಂದರು. ಅಷ್ಟರಲ್ಲಿ ಪಕ್ಕದವಳ ಪೆನ್ಸಿಲ್ ಇಸಿದುಕೊಂಡು ನಾನು ಪೂರ್ತಿ ಬರೆದುಕೊಂಡಾಗಿತ್ತು.

ಹಾಸನಕ್ಕೆ ಬಂದು ಕಚೇರಿಯ ಮೆಷಿನ್ನಿನಲ್ಲೇ ಟೈಪ್ ಮಾಡಿದೆ. ಲಕ್ಕಮ್ಮನ ಮಾತು ಅವಳಾಡಿದ ಹಾಗೇ. ಅದರ ಕೆಳಗೆ ನಾನು ಬಿಟ್ಟುಹಾಕಿದ್ದ ಆ ಗೊತ್ತುವಳಿ. ಅದರ ಕೆಳಗೆ ವಿಶ್ವಶಾಂತಿಯ ಸಭೆಯ ವಂದನಾರ್ಪಣೆ. ಕಾರ್ಬನ್ ಹಿಡಿಯುವಷ್ಟು ಪ್ರತಿ ತೆಗೆದು ಸಮಿತಿಗೆ, ಅಂಚೆ ಕಚೇರಿಗೆ, ಸಾಹೇಬರಿಗೆ ಕಳಿಸಿ, ಕೊನೆಯದನ್ನು ಫೈಲಿಗೆ ಸೇರಿಸಿದೆ.

ಹದಿನೈದನೇ ದಿನ ಸಾಹೇಬರ ಕೋಣೆಯಿಂದ ಟೈಪಿಗೊಂದು ಕರಡು ಬಂತು. ಆಡಳಿತದ ಹಿತದೃಷ್ಟಿಯಿಂದ ಹಾಸನದಿಂದ ಅರಕಲಗೂಡಿಗೆ. ಹೆಸರಿನ ಜಾಗದಲ್ಲಿ ನನ್ನ ಹೆಸರು. ಮೂರು ಕಾರ್ಬನ್ ಜೋಡಿಸಿಕೊಂಡು, ಒಂದಕ್ಷರ ತಪ್ಪಿಲ್ಲದೆ ಟೈಪ್ ಮಾಡಿದೆ.